ಟೂವೂಂಬಾ ದಾರಿಯಲ್ಲಿ ಲ್ಯಾಮಿಂಗ್ಟನ್‌ಗೆ ಅಂಕ ಕೊಟ್ಟಿದ್ದು

ಆಫೀಸಿನ ಮಾರ್ನಿಂಗ್ ಟೀ ಹೊತ್ತಲ್ಲಿ ಯಾರಾದರೂ ತಂದಿಡುವ ಸೂಪರ್‌ಮಾರ್ಕೆಟ್ ಲ್ಯಾಮಿಂಗ್ಟನ್ ತಿಂದು ನನಗೆ ಯಾವತ್ತೂ ಏನೂ ಅನ್ನಿಸಿರಲಿಲ್ಲ. ಚೌಕದ ಸ್ಪಾಂಜ್ ಕೇಕ್. ಅದನ್ನು ತೆಳು ಚಾಕೊಲೇಟ್ ಐಸಿಂಗ್‌ನಲ್ಲಿ ಅದ್ದಿ ಕೊಬ್ಬರಿ ಪುಡಿಯಲ್ಲಿ ಹೊರಳಿಸಿರುತ್ತಾರೆ, ಅಷ್ಟೇ. ಬಾಯಿಗಿಟ್ಟರೆ ಸಿಹಿ, ಆಮೇಲೆ ಮರದ ಹೊಟ್ಟು. ಇಂಥದ್ದಕ್ಕೆ ಆಸ್ಟ್ರೇಲಿಯಾದವರು ಜುಲೈ 21ರಂದು ಒಂದು ದಿನ ಬೇರೆ ಇಟ್ಟಿದ್ದಾರೆ. ಯಾಕಪ್ಪಾ ಅಂತ ಕೇಳಿದರೆ ಬ್ರಿಸ್ಬೇನ್‌ನ ಸಹೋದ್ಯೋಗಿಗಳೆಲ್ಲ ಒಂದೇ ಮಾತು ಹೇಳುತ್ತಿದ್ದರು, "ನೀನು ಒಳ್ಳೆಯದು ತಿಂದಿಲ್ಲ."

ಸರಿ, ತಿಂದೇ ಬಿಡೋಣ ಅಂತ ಜುಲೈನ ಒಂದು ಶನಿವಾರ ಹೊರಟೆವು. ನಾನು ಹುಬ್ಬಳ್ಳಿಯವನು, ಜೊತೆಗೆ ಕುಂದಾಪುರದ ಗೆಳೆಯ ಮತ್ತು ಅವನ ಮಗಳು. ಬ್ರಿಸ್ಬೇನ್‌ನಲ್ಲಿ ಶುರು ಮಾಡಿ, ಇಪ್ಸ್‌ವಿಚ್ ಹಾದು, ಪಶ್ಚಿಮಕ್ಕೆ ಸುಮಾರು 125 ಕಿಲೋಮೀಟರ್ ದೂರದ ಟೂವೂಂಬಾವರೆಗೆ ಹೋಗಿ ಬರುವುದು. ಹತ್ತಕ್ಕೆ ಅಂಕ ಕೊಡಬೇಕು. ಸ್ಪಾಂಜ್‌ಗೆ ನಾಲ್ಕು, ಚಾಕೊಲೇಟ್‌ಗೆ ಮೂರು, ಕೊಬ್ಬರಿಗೆ ಎರಡು, ಉಳಿದ ಒಂದು ಸುಮ್ನೆ ಮನಸ್ಸಿಗೆ. ಕೊಬ್ಬರಿಗೆ ಬರೀ ಎರಡಾ ಅಂತ ಕುಂದಾಪುರದವನು ಕಾರು ಹತ್ತುವ ಮೊದಲೇ ಜಗಳ ತೆಗೆದ.

ಮೊದಲನೆಯದು ಬ್ರಿಸ್ಬೇನ್ ಪೇಟೆಯೊಳಗಿನ ಒಂದು ಫ್ಯಾನ್ಸಿ ಕೆಫೆ. ಏಳು ಡಾಲರ್. ನೋಡೋಕೆ ಚೆಂದ ಅಂದರೆ ಚೆಂದ. ಅಂಗೈಯಷ್ಟು ದೊಡ್ಡದು, ನಡುವೆ ಸೀಳಿ ಬೆರಳು ದಪ್ಪ ಕ್ರೀಮ್, ಕೆಳಗೆ ರಾಸ್ಪ್‌ಬೆರಿ ಜಾಮ್, ಮೇಲೆ ಕೊಬ್ಬರಿಯ ಅಗಲ ಚಕ್ಕೆಗಳು. ಆದರೆ ಕ್ರೀಮ್ ಇದ್ದ ಮೇಲೆ ಫ್ರಿಜ್‌ನಲ್ಲಿ ಇಡಲೇಬೇಕಲ್ಲ, ಅಲ್ಲೇ ಎಡವಟ್ಟಾಗುವುದು. ಬೆಣ್ಣೆ ಹಾಕಿದ ಕೇಕ್ ತಣ್ಣಗಾದರೆ ಬೆಣ್ಣೆ ಗಟ್ಟಿಯಾಗುತ್ತದೆ, ಕೇಕೂ ಗಟ್ಟಿಯಾಗುತ್ತದೆ. ಫೋರ್ಕ್ ಒತ್ತಿದರೆ ಕ್ರೀಮೆಲ್ಲ ಪಕ್ಕಕ್ಕೆ ಚಿಮ್ಮಿ, ಸ್ಪಾಂಜ್ ಮಾತ್ರ ಕೂತಲ್ಲೇ ಕೂತಿತ್ತು. ಐದೂವರೆ ಕೊಟ್ಟೆ. ಗೆಳೆಯ ಐದು. ಮಗಳು ಹತ್ತು ಕೊಟ್ಟಳು. ಅವಳು ಆ ದಿನ ಪೂರ್ತಿ ಎಲ್ಲದಕ್ಕೂ ಹತ್ತೇ ಕೊಟ್ಟಿದ್ದರಿಂದ ಅವಳ ಅಂಕ ಇನ್ನು ಹೇಳುವುದಿಲ್ಲ.

ಇಪ್ಸ್‌ವಿಚ್ ಕಡೆ ಹೋಗುತ್ತಾ ಊರಿಗೆ ಫೋನ್ ಮಾಡಿದ್ದೆ. ಎಲ್ಲಿಗೆ ಹೊರಟಿದ್ದೀರಿ ಅಂದರು ಅವ್ವ. ಲ್ಯಾಮಿಂಗ್ಟನ್ ತಿನ್ನೋಕೆ ಅಂದೆ. "ಲ್ಯಾಮಿಂಗ್ಟನ್ ಅಂದ್ರ ಸಾಲಿ ಅಲ್ಲೇನೋ? ಅದನ್ನೇನ್ ತಿಂತೀರಿ?"

ಅವ್ವ ಹೇಳಿದ್ದು ಸರಿಯೇ. ಹುಬ್ಬಳ್ಳಿಯಲ್ಲಿ ಲ್ಯಾಮಿಂಗ್ಟನ್ ಹೈಸ್ಕೂಲ್ ಇದೆ, ಲ್ಯಾಮಿಂಗ್ಟನ್ ರೋಡ್ ಇದೆ. ಎರಡಕ್ಕೂ ಈ ಕೇಕಿಗೂ ಮೂಲ ಒಬ್ಬನೇ ಮನುಷ್ಯ. ಲಾರ್ಡ್ ಲ್ಯಾಮಿಂಗ್ಟನ್ 1896ರಿಂದ 1901ರವರೆಗೆ ಬ್ರಿಸ್ಬೇನ್, ಟೂವೂಂಬಾ ಎಲ್ಲ ಇರುವ ಕ್ವೀನ್ಸ್‌ಲ್ಯಾಂಡ್‌ನ ಗವರ್ನರ್ ಆಗಿದ್ದ. ಆಮೇಲೆ 1903ರಲ್ಲಿ ಬಾಂಬೆ ಪ್ರಾಂತ್ಯದ ಗವರ್ನರ್ ಆಗಿ ಬಂದು 1907ರವರೆಗೆ ಇದ್ದ. ಆಗ ಹುಬ್ಬಳ್ಳಿ ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಹೆಸರಾದ ಮುಂಬೈಯ ಲ್ಯಾಮಿಂಗ್ಟನ್ ರೋಡೂ ಅವನ ಹೆಸರಿನದೇ. ಇನ್ನೊಂದು ಸಂಗತಿ ಕೇಳಿ ಗೆಳೆಯ ಕಾರು ನಿಧಾನ ಮಾಡಿದ. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಉಧಮ್ ಸಿಂಗ್ ಗುಂಡು ಹಾರಿಸಿ, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಹೊತ್ತಲ್ಲಿ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮೈಕಲ್ ಓಡ್ವಯರ್‌ನನ್ನು ಕೊಂದನಲ್ಲ, ಆಗ ಅಲ್ಲೇ ಇದ್ದು ಗಾಯಗೊಂಡವರಲ್ಲಿ ಇದೇ ಲ್ಯಾಮಿಂಗ್ಟನ್ ಒಬ್ಬ. ಜಲಿಯನ್‌ವಾಲಾ ಬಾಗ್‌ನ ಕಥೆಯ ಕೊನೆಯಲ್ಲಿ ಒಂದು ಕೇಕಿನ ಹೆಸರು ಬಂದು ನಿಲ್ಲುತ್ತದೆ ಅಂದರೆ ನಂಬೋಕೆ ಕಷ್ಟ, ಅಲ್ವಾ?

ಕೇಕ್ ಮೊದಲು ಎಲ್ಲಿ ಹುಟ್ಟಿತು ಅನ್ನುವುದರ ಬಗ್ಗೆ ಮಾತ್ರ ಒಮ್ಮತ ಇಲ್ಲ. ಅನಿರೀಕ್ಷಿತವಾಗಿ ನೆಂಟರು ಬಂದಾಗ ಗವರ್ನರ್ ಮನೆಯ ಫ್ರೆಂಚ್ ಬಾಣಸಿಗ ಉಳಿದ ಕೇಕನ್ನು ಚಾಕೊಲೇಟ್‌ನಲ್ಲಿ ಅದ್ದಿ ಕೊಬ್ಬರಿ ಹಚ್ಚಿದ ಅಂತ ಒಂದು ಕಥೆ. ಅದು ನಡೆದದ್ದು ಬ್ರಿಸ್ಬೇನ್‌ನಲ್ಲಿ ಅಂತ ಬ್ರಿಸ್ಬೇನ್‌ನವರು, ಅಲ್ಲ ಗವರ್ನರ್ ಬೇಸಿಗೆಗೆ ಬಂದು ಇರುತ್ತಿದ್ದ ನಮ್ಮ ಹಾರ್ಲಾಕ್ಸ್‌ಟನ್ ಹೌಸ್‌ನಲ್ಲಿ ಅಂತ ಟೂವೂಂಬಾದವರು. ಗವರ್ನರನ ಹೆಂಡತಿಯ ಹೆಸರಿಟ್ಟಿದ್ದು ಅನ್ನುವವರೂ ಇದ್ದಾರೆ. ನನಗಂತೂ ಉಳಿದ ಕೇಕ್ ಅನ್ನುವಷ್ಟು ಭಾಗ ಮಾತ್ರ ನಿಜ ಅನ್ನಿಸುತ್ತದೆ, ಯಾಕೆಂದರೆ ಲ್ಯಾಮಿಂಗ್ಟನ್‌ನ ಗುಟ್ಟೆಲ್ಲ ಅಲ್ಲೇ ಇದೆ.

ಇಪ್ಸ್‌ವಿಚ್‌ನ ಬೇಕರಿಯಲ್ಲಿ ಜನ ಕಡಿಮೆ ಇದ್ದರು. ಕೌಂಟರ್ ಹಿಂದಿದ್ದ ಅಜ್ಜಿಗೆ ಮಾತಾಡೋಕೆ ಪುರುಸೊತ್ತಿತ್ತು. ಹೊಸ ಸ್ಪಾಂಜ್‌ನಲ್ಲಿ ಲ್ಯಾಮಿಂಗ್ಟನ್ ಮಾಡೋಕೆ ಬರಲ್ಲ ಅಂದರು. ಅವತ್ತೇ ಬೇಯಿಸಿದ ಕೇಕ್ ತುಂಬಾ ಮೆತ್ತಗಿರುತ್ತದೆ, ಐಸಿಂಗ್‌ನಲ್ಲಿ ಅದ್ದಿದ ಕೂಡಲೇ ಪುಡಿಪುಡಿಯಾಗಿ ಪಾತ್ರೆಯೊಳಗೇ ಬಿದ್ದುಹೋಗುತ್ತದೆ. ಹಿಂದಿನ ದಿನದ್ದಾದರೆ ಸ್ವಲ್ಪ ಬಿಗಿಯಾಗಿರುತ್ತದೆ, ಚಾಕೊಲೇಟನ್ನು ಹದವಾಗಿ ಹೀರುತ್ತದೆ. ಐಸಿಂಗ್ ಅಂದರೆ ಸಕ್ಕರೆ ಪುಡಿ, ಕೋಕೋ, ಚೂರು ಬೆಣ್ಣೆ, ಹಾಲು ಅಥವಾ ಬಿಸಿನೀರು. ಅದು ಗಟ್ಟಿಯಾದರೆ ಮೇಲೆಯೇ ಕೂತು ಸಿಪ್ಪೆಯಾಗುತ್ತದೆ, ನೀರಾದರೆ ಒಳಗೆಲ್ಲ ನುಗ್ಗಿ ಕೇಕ್ ಮುದ್ದೆಯಾಗುತ್ತದೆ. ಕತ್ತರಿಸಿ ನೋಡಿದಾಗ ಹೊರಗೆ ಕೊಬ್ಬರಿ, ಅದರ ಒಳಗೆ ಸುತ್ತಲೂ ತೆಳ್ಳಗೆ ಒಂದು ಒದ್ದೆ ಕಂದು ಗೆರೆ, ನಡುವೆ ಒಣ ಹಳದಿ ಕೇಕ್ ಕಾಣಬೇಕು. ಅಜ್ಜಿಯ ಬೇಕರಿಯದರಲ್ಲಿ ಆ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿತ್ತು. ಅದಾದ ಮೇಲೆ ನಾನು ಎಲ್ಲಿ ಹೋದರೂ ಮೊದಲು ಗೆರೆ ನೋಡತೊಡಗಿದೆ.

ಹಿಂದೆ ಶಾಲೆ, ಚರ್ಚು, ಸ್ಕೌಟ್‌ಗಳಿಗೆ ದುಡ್ಡು ಬೇಕಾದಾಗ ಪೋಷಕರೆಲ್ಲ ಸೇರಿ ಡಜನ್‌ಗಟ್ಟಲೆ ಲ್ಯಾಮಿಂಗ್ಟನ್ ಮಾಡಿ ಮಾರುತ್ತಿದ್ದರಂತೆ, ಅದಕ್ಕೆ ಲ್ಯಾಮಿಂಗ್ಟನ್ ಡ್ರೈವ್ ಅನ್ನುತ್ತಾರೆ. ಇಡೀ ದಿನ ಒಬ್ಬರು ಅದ್ದುವುದು, ಇನ್ನೊಬ್ಬರು ಹೊರಳಿಸುವುದು. ಅದ್ದುವವರ ಕೈ ಸಂಜೆಯವರೆಗೆ ಮೊಣಕೈ ತನಕ ಕಂದು ಅಂತ ಅಜ್ಜಿ ನಕ್ಕರು. ಅವರಿಗೆ ಎಂಟು ಕೊಟ್ಟೆ.

ಗೆಳೆಯ ಆರೂವರೆಯ ಮೇಲೆ ಹೋಗಲಿಲ್ಲ. ಅವನ ತಕರಾರು ಕೊಬ್ಬರಿಯದು. ಅಂಗಡಿಗಳಲ್ಲಿ ಬಳಸುವ ಡೆಸಿಕೇಟೆಡ್ ಕೊಬ್ಬರಿ ಸಣ್ಣಗೆ, ಬೆಳ್ಳಗೆ, ಒಣಒಣ ಇರುತ್ತದೆ, ಪರಿಮಳ ಕಡಿಮೆ. ದಿನಾ ಹಸಿ ಕಾಯಿ ತುರಿದು ಅರೆದ ಮನೆಯಿಂದ ಬಂದವನಿಗೆ ಅದು ಕೊಬ್ಬರಿಯೇ ಅಲ್ಲ. ನಮ್ಮ ಕಡೆ ಅಡುಗೆಗೆ ಶೇಂಗಾ, ಒಣ ಕೊಬ್ಬರಿ ಜಾಸ್ತಿ, ಹಾಗಾಗಿ ನನಗೆ ಅಷ್ಟು ದುಃಖವಾಗಲಿಲ್ಲ. ಹಸಿ ಕಾಯಿ ಹಾಕಿದರೆ ಕೇಕ್ ಮರುದಿನಕ್ಕೆ ಹಳಸುತ್ತದೆ ಮಾರಾಯಾ ಅಂದರೆ, ಅವತ್ತೇ ತಿನ್ನಬೇಕಪ್ಪ ಅಂದ. ಇದು ಇಪ್ಸ್‌ವಿಚ್‌ನಿಂದ ಘಟ್ಟದ ಬುಡದವರೆಗೆ ನಡೆಯಿತು.

ಟೂವೂಂಬಾ ಇರುವುದು ಬೆಟ್ಟದ ಅಂಚಿನ ಮೇಲೆ, ಸುಮಾರು 700 ಮೀಟರ್ ಎತ್ತರದಲ್ಲಿ. ಬ್ರಿಸ್ಬೇನ್‌ನ ಅಂಗಿಯಲ್ಲೇ ಹೋಗಿದ್ದ ನಾವು ಕಾರಿಂದ ಇಳಿದ ಕೂಡಲೇ ನಡುಗಿದೆವು. ಅಲ್ಲಿನ ಮೊದಲ ಕೆಫೆಯಲ್ಲಿ ಗುಲಾಬಿ ಲ್ಯಾಮಿಂಗ್ಟನ್ ಸಿಕ್ಕಿತು, ಚಾಕೊಲೇಟ್ ಬದಲು ರಾಸ್ಪ್‌ಬೆರಿ, ನ್ಯೂಜಿಲೆಂಡ್‌ನಲ್ಲಿ ಇದು ತುಂಬಾ ಚಾಲ್ತಿ. ಜೆಲ್ಲಿಯ ವಾಸನೆ. ನಾಲ್ಕು. ಇನ್ನೊಂದು ಕಡೆ ಮಾಚಾ ಅನ್ನುವ ಜಪಾನಿ ಹಸಿರು ಚಹಾ ಪುಡಿಯದ್ದು ಇತ್ತು, ಅದನ್ನು ಲ್ಯಾಮಿಂಗ್ಟನ್ ಅಂತ ಯಾಕೆ ಕರೆಯಬೇಕೋ ಗೊತ್ತಾಗಲಿಲ್ಲ, ಅಂಕ ಕೊಡಲೂ ಇಲ್ಲ.

ಗೆದ್ದದ್ದು ಮೀಟ್ ಪೈ, ಸಾಸೇಜ್ ರೋಲ್ ಮಾರುವ ಒಂದು ಸಾದಾ ಬೇಕರಿ. ಗಾಜಿನ ಪೆಟ್ಟಿಗೆಯಲ್ಲಿ, ಫ್ರಿಜ್‌ನ ಹೊರಗೆ, ಪೇಪರ್ ಮೇಲೆ ಇಟ್ಟಿದ್ದರು. ಮಧ್ಯೆ ತೆಳ್ಳಗೆ ಜಾಮ್, ಕ್ರೀಮ್ ಇಲ್ಲ. ಜಾಮ್ ಹಾಕುವುದೇ ತಪ್ಪು ಅನ್ನುವ ಮಡಿವಂತರು ಇಲ್ಲಿ ಬಹಳ. ಆದರೆ ಒಂದು ತುತ್ತು ತಿಂದಾಗ ನನಗೆ ನೆನಪಾಗಿದ್ದು ನಮ್ಮ ಅಯ್ಯಂಗಾರ್ ಬೇಕರಿಯ ಹನಿ ಕೇಕ್. ಪಾಕ ಕುಡಿದ ಸ್ಪಾಂಜ್, ಮೇಲೆ ಕೆಂಪು ಜಾಮ್, ಅದರ ಮೇಲೆ ಉದುರಿಸಿದ ಕೊಬ್ಬರಿ. ಇಲ್ಲಿ ಪಾಕದ ಜಾಗದಲ್ಲಿ ಚಾಕೊಲೇಟ್ ಕೂತಿದೆ, ಅಷ್ಟೇ ವ್ಯತ್ಯಾಸ. ಚಾಕೊಲೇಟ್ ಮತ್ತು ಸಕ್ಕರೆಯ ನಡುವೆ ಜಾಮ್‌ನ ಆ ಸಣ್ಣ ಹುಳಿ ಇಲ್ಲದಿದ್ದರೆ ಎರಡನೇ ತುಂಡು ಒಳಗೆ ಹೋಗುವುದೇ ಇಲ್ಲ. ಗೆರೆಯೂ ಸರಿಯಾಗಿತ್ತು. ಒಂಬತ್ತು ಕೊಟ್ಟೆ. ಮಡಿವಂತರು ಬೇಕಾದರೆ ಬೈದುಕೊಳ್ಳಲಿ.

ಗೆಳೆಯ ಏಳು ಅಂದ, ಯಾಕೆ ಅಂತ ನಿಮಗೇ ಗೊತ್ತು. ಅವನ ಲೆಕ್ಕದಲ್ಲಿ ಅವತ್ತಿನ ಮೊದಲ ಸ್ಥಾನ ವಾಪಸ್ ಬರುವಾಗ ಹೆದ್ದಾರಿ ಪಕ್ಕ ಸಿಕ್ಕ ಇನ್ನೊಂದು ಬೇಕರಿಗೆ ಹೋಯಿತು. ಅವರು ಕೊಬ್ಬರಿಯನ್ನು ಸ್ವಲ್ಪ ಹುರಿದು ಹಚ್ಚಿದ್ದರು. ನನಗೆ ಅದು ಕರಟಿದ ಹಾಗೆ ಕಂಡಿತು, ಮೂರು ಅಂಕದ ವ್ಯತ್ಯಾಸ ಬಂತು.

ಗೆದ್ದ ಬೇಕರಿಯಿಂದ ಅರ್ಧ ಡಜನ್ ಕಟ್ಟಿಸಿಕೊಂಡು ಬಂದಿದ್ದೆವು. ಮರುದಿನ ಬೆಳಿಗ್ಗೆ ಫಿಲ್ಟರ್ ಕಾಫಿ ಜೊತೆ ತಿಂದರೆ ಜಾಮ್ ಕೇಕಿಗೆ ಇಳಿದು ಇನ್ನೂ ಚೆನ್ನಾಗಿತ್ತು, ಒಂಬತ್ತನ್ನು ಒಂಬತ್ತೂವರೆ ಮಾಡಿದೆ. ಫೋನ್‌ನಲ್ಲಿ ಹೇಳಿದರೆ ಕುಂದಾಪುರದವನು ಒಪ್ಪಲಿಲ್ಲ. ಕಾಫಿಯ ಅಂಕವನ್ನು ಕೇಕಿಗೆ ಸೇರಿಸುವ ಹಾಗಿಲ್ಲವಂತೆ.