40 ಬರಬೇಕಾದಲ್ಲಿ 51: ಡಾಪ್ಲರ್ ಫ್ಯಾಂಟಮ್ ಜೊತೆಗಿನ ಜಗಳ

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಕಲಿಯುವ ನಾನು ಅಭ್ಯಾಸಕ್ಕೆಂದು ಜೆಲಾಟಿನ್‌ನಲ್ಲಿ ಒಂದು ನಕಲಿ ರಕ್ತನಾಳ, ಅಂದರೆ ಫ್ಯಾಂಟಮ್, ಮಾಡಿಕೊಂಡಿದ್ದೇನೆ. ಅದರಲ್ಲಿ ಹರಿಯುವ ದ್ರವವನ್ನು ಬಕೆಟ್ಟಿಗೆ ಹಿಡಿದು ಹಾಕಿದ ಲೆಕ್ಕ, ಅದರ ವೇಗ ಸೆಕೆಂಡಿಗೆ 40 ಸೆಂಟಿಮೀಟರ್ ಎನ್ನುತ್ತದೆ. ಧ್ವನಿಯಿಂದ ಹರಿವಿನ ವೇಗ ಅಳೆಯುವ ಡಾಪ್ಲರ್ ಯಂತ್ರ 51 ಎನ್ನುತ್ತದೆ. ನಡುವಿನ ಈ ಹನ್ನೊಂದು ಸೆಂಟಿಮೀಟರ್ ನನ್ನ ಬೇಸಿಗೆಯ ಬಹುಪಾಲನ್ನು ನುಂಗಿತು. ಈ ವಾರ ಕಳ್ಳ ಸಿಕ್ಕಿದ್ದಾನೆ. ತಮಾಷೆಯೆಂದರೆ, ಸಿಕ್ಕ ಮೇಲೂ ಅವನನ್ನು ಮನೆಯಿಂದ ಹೊರಹಾಕುವಂತಿಲ್ಲ.

ಜೆಲಾಟಿನ್ ಕುದಿಸುವುದು, ನೊರೆ ತೆಗೆಯುವುದು, ರಾತ್ರಿಯಿಡೀ ಫ್ರಿಜ್‌ನಲ್ಲಿಡುವುದು ಇವೆಲ್ಲ ಫ್ಯಾಂಟಮ್ ಮಾಡಿದವರಿಗೆ ಗೊತ್ತಿರುವ ಕೆಲಸ. ಗೊತ್ತಿಲ್ಲದಿರಬಹುದಾದದ್ದು ಇಷ್ಟೇ: ಧ್ವನಿಯನ್ನು ಚದುರಿಸಿ ಚಿತ್ರದಲ್ಲಿ ದೇಹದಂಥ ಬೂದು ತರಲು ನಾನು ಬಳಸುವುದು ಇಸಬಗೋಲು. ನನ್ನ ಸಹಪಾಠಿಗಳು ಅದನ್ನೇ ಕಿತ್ತಳೆ ಬಣ್ಣ, ಕಿತ್ತಳೆ ರುಚಿ ಸೇರಿಸಿದ ಔಷಧದ ಡಬ್ಬಿಯ ರೂಪದಲ್ಲಿ ದುಬಾರಿ ಬೆಲೆಗೆ ತರುತ್ತಾರೆ. ಅವರ ಫ್ಯಾಂಟಮ್‌ಗಳು ಜಾತ್ರೆಯ ಮಿಠಾಯಿಯಂತೆ ಹೊಳೆಯುತ್ತವೆ. ನಾನು ಇಂಡಿಯನ್ ಅಂಗಡಿಯಿಂದ ಅಪ್ಪಟ ಇಸಬಗೋಲಿನ ಹೊಟ್ಟು ತರುತ್ತೇನೆ. ಪರದೆಯ ಮೇಲೆ ಅದು ಪಿತ್ತಜನಕಾಂಗದ ಹರಳುಹರಳಾದ ಬೂದು ಬಣ್ಣವನ್ನೇ ಕೊಡುತ್ತದೆ. ಜೆಲಾಟಿನ್ ಮಾತ್ರ ನಮ್ಮ ಮನೆಯ ಅಡುಗೆಮನೆಗೆ ಪ್ರವೇಶವಿಲ್ಲದ ವಸ್ತು. ಮೂಳೆ, ಚರ್ಮದಿಂದ ಬಂದದ್ದನ್ನು ಸಾರಿನ ಪಾತ್ರೆಯಲ್ಲಿ ಕುದಿಸುವುದುಂಟೇ ಎಂದು ಅತ್ತೆಯವರು ಕೇಳಿದ ಮೇಲೆ ನನ್ನ ಒಲೆ ಗ್ಯಾರೇಜಿಗೆ ಹೋಯಿತು. ಅಗರ್ ಬಳಸಿ ನೋಡಿದೆ. ಶುದ್ಧ ಸಸ್ಯಾಹಾರಿ, ಆದರೆ ಪ್ರೋಬ್ (ಸ್ಕ್ಯಾನ್ ಮಾಡಲು ಮೈಗೆ ಒತ್ತುವ ಹಿಡಿಕೆ) ಒತ್ತಿದರೆ ಬಿರುಕು ಬಿಡುತ್ತದೆ. ಗ್ಯಾರೇಜಿನದು ಟೆಕ್ಸಾಸ್‌ನ ಬಿಸಿಲು, ಜೆಲಾಟಿನ್‌ನದು ಮೂವತ್ತು ಡಿಗ್ರಿ ದಾಟಿದರೆ ಕರಗುವ ಜಾಯಮಾನ. ಹಾಗಾಗಿ ನನ್ನ ನಕಲಿ ಕ್ಯಾರೋಟಿಡ್, ಅಂದರೆ ಕುತ್ತಿಗೆಯ ಅಪಧಮನಿ, ಕಾಲೇಜಿಗೆ ಹೋಗುವುದು ಐಸ್ ಪೆಟ್ಟಿಗೆಯಲ್ಲಿ ಕುಳಿತು.

ಇದೆಲ್ಲ ಯಾಕೆ ಬೇಕು ಎಂದರೆ, ಕಮ್ಯುನಿಟಿ ಕಾಲೇಜಿನ ಲ್ಯಾಬಿನಲ್ಲಿ ನಾವು ಒಬ್ಬರ ಕುತ್ತಿಗೆಯನ್ನು ಇನ್ನೊಬ್ಬರು ಸ್ಕ್ಯಾನ್ ಮಾಡಿ ಕಲಿಯುತ್ತೇವೆ. ತರಗತಿಯಲ್ಲಿ ಎಲ್ಲರ ರಕ್ತನಾಳಗಳೂ ದಿವ್ಯವಾಗಿವೆ. ಯಾರಿಗೂ ಕೊಬ್ಬಿನ ಗಂಟಿಲ್ಲ, ಯಾರ ನಾಳವೂ ಕಿರಿದಾಗಿಲ್ಲ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಸರಿ ಉತ್ತರ ಯಾರಿಗೂ ಗೊತ್ತಿರುವುದಿಲ್ಲ. ಸಹಪಾಠಿಯ ಕುತ್ತಿಗೆಯಲ್ಲಿ 90 ಎಂದು ಬಂದರೆ ಅದು ಅವಳ ರಕ್ತದ ವೇಗವೋ, ನನ್ನ ಕೈಯ ಕಥೆಯೋ? ಉತ್ತರ ಮೊದಲೇ ಗೊತ್ತಿರುವ ನಾಳವೊಂದು ನನಗೆ ಬೇಕಿತ್ತು. ಅಂಗಡಿಯಲ್ಲಿ ಸಿಗುವ ಡಾಪ್ಲರ್ ಫ್ಯಾಂಟಮ್‌ಗಳ ಬೆಲೆ ಕೇಳಿದರೆ ನನ್ನದೇ ಕ್ಯಾರೋಟಿಡ್‌ನಲ್ಲಿ ವೇಗ ಏರುತ್ತದೆ.

ನಾಳ ಮಾಡಲು ಮೊದಲು ಸಿಲಿಕೋನ್ ಕೊಳವೆ ಹೂತು ನೋಡಿದೆ. ಅದರಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1000 ಮೀಟರ್, ಯಂತ್ರ ನಂಬಿರುವುದು 1540. ಗೋಡೆ ದಪ್ಪವಾಗಿ ಕಂಡಿತು, ಕೆಳಗೆಲ್ಲ ನೆರಳು. ಆಮೇಲೆ ಎಲ್ಲರೂ ಕೊನೆಗೆ ಬರುವ ದಾರಿಗೇ ಬಂದೆ: ಲೋಹದ ಸರಳನ್ನಿಟ್ಟು ಎರಕ ಹೊಯ್ದು, ಗಟ್ಟಿಯಾದ ಮೇಲೆ ಸರಳನ್ನು ಎಳೆದರೆ ಗೋಡೆಯೇ ಇಲ್ಲದ ನಾಳ. ಈ ಸರಳಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಆರು ಮಿಲಿಮೀಟರ್ ಎಂದು ದೊಡ್ಡಕ್ಷರದಲ್ಲಿ ಬರೆದು ಕಾಲು ಇಂಚಿನ ಸರಳು ಕಳಿಸುವ ವ್ಯಾಪಾರಿಗೆ 6 ಮತ್ತು 6.35ರ ನಡುವಿನ ವ್ಯತ್ಯಾಸ ಕ್ಷುಲ್ಲಕ. ಕ್ಷೇತ್ರಫಲದಲ್ಲಿ ಅದು ಶೇಕಡಾ 12. ದಪ್ಪ ಅಳೆಯುವ ಕ್ಯಾಲಿಪರ್ ಇಲ್ಲದೆ ಪಾರ್ಸೆಲ್ ಬಿಚ್ಚಬೇಡಿ. ವಾಪಸ್ ಕಳಿಸಿದ್ದಕ್ಕೆ ಅವರು ಕೇಳಿದ್ದು, 'ವಸ್ತು ಹಾಳಾಗಿದೆಯೇ?' ಇಲ್ಲ ಸ್ವಾಮಿ, ನಿಮ್ಮ ಅಳತೆಗೋಲು ಹಾಳಾಗಿದೆ.

ರಕ್ತಕ್ಕೆ ನೀರು, ಗ್ಲಿಸರಿನ್, ಒಂದು ಚಿಟಿಕೆ ಕಾರ್ನ್‌ಫ್ಲೋರ್. ಪಂಪು ಬೇಡ. ನಿಮಿಷಕ್ಕೆ ಅರ್ಧ ಲೀಟರ್ ಎಂದು ಬರೆದುಕೊಂಡು ಬಂದ ಪಂಪು ಏರಿಳಿಯುತ್ತ, ನೊರೆ ಕಾರುತ್ತ ಹೊಯ್ದಿತು. ಮೇಲ್ತೊಟ್ಟಿಯೊಂದನ್ನು ತುಂಬಿ ತುಳುಕುವಂತೆ ಇಟ್ಟರೆ ಒತ್ತಡ ಅಲುಗಾಡುವುದಿಲ್ಲ. ಹರಿವು ನಿಮಿಷಕ್ಕೆ 340 ಮಿಲಿಲೀಟರ್. ಆರು ಮಿಲಿಮೀಟರ್ ನಾಳದಲ್ಲಿ ಅದು ಸರಾಸರಿ ಸೆಕೆಂಡಿಗೆ 20 ಸೆಂಟಿಮೀಟರ್. ನಯವಾದ ಹರಿವಿನಲ್ಲಿ ನಟ್ಟನಡುವಿನ ವೇಗ ಸರಾಸರಿಯ ಎರಡರಷ್ಟು, ಅಂದರೆ 40. ಯಂತ್ರ ಎಷ್ಟು ಹೇಳಿತೆಂದು ಆಗಲೇ ಹೇಳಿದ್ದೇನೆ.

ಮೊದಲ ಅನುಮಾನ ಕೋನದ ಗೆರೆಯ ಮೇಲೆ. ಯಂತ್ರಕ್ಕೆ ನಿಜವಾಗಿ ಗೊತ್ತಾಗುವುದು ಕಂಪನಾಂಕದ ಬದಲಾವಣೆ ಮಾತ್ರ. ಐದು ಮೆಗಾಹರ್ಟ್ಸ್‌ನಲ್ಲಿ, ಕಿರಣಕ್ಕೂ ಹರಿವಿಗೂ ನಡುವಿನ ಕೋನ 60 ಡಿಗ್ರಿಯಿದ್ದಾಗ, 40 ಸೆಂಟಿಮೀಟರ್ ವೇಗಕ್ಕೆ ಅದು ಸುಮಾರು 1300 ಹರ್ಟ್ಸ್. ಅದನ್ನು ವೇಗವಾಗಿ ಬದಲಿಸುವುದು ನಾವು ಪರದೆಯ ಮೇಲೆ ತಿರುಗಿಸಿ ಕೂರಿಸುವ ಆ ಚಿಕ್ಕ ಗೆರೆ. 60 ಡಿಗ್ರಿಯಲ್ಲಿ ಗೆರೆ ಒಂದು ಡಿಗ್ರಿ ಅತ್ತಿತ್ತಾದರೆ ವೇಗ ಶೇಕಡಾ 3ರಷ್ಟು ತಪ್ಪುತ್ತದೆ, 70ರಲ್ಲಿ ಹತ್ತಿರ ಹತ್ತಿರ ಶೇಕಡಾ 5. ನನ್ನ ನಾಳ ಪೆಟ್ಟಿಗೆಯಲ್ಲಿ ನೇರವಾಗಿ ಮಲಗಿತ್ತು, ಪ್ರೋಬ್ ತನ್ನ ಕಿರಣವನ್ನು 20 ಡಿಗ್ರಿ ವಾಲಿಸಿದರೆ ಸಿಗುವುದು 70. ಆದರೆ ಗೆರೆಯ ತಪ್ಪಾಗಿದ್ದರೆ ಉತ್ತರ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರಬೇಕಿತ್ತು. ಇದು ಯಾವಾಗಲೂ ಹೆಚ್ಚು. ಲ್ಯಾಬಿನಲ್ಲಿ ಯಾರ ಕೈಗೆ ಪ್ರೋಬ್ ಕೊಟ್ಟರೂ ಹೆಚ್ಚು.

ಧ್ವನಿಯ ವೇಗದ ಮೇಲೆ ಅನುಮಾನಪಟ್ಟವಳು ನನ್ನ ಲ್ಯಾಬ್ ಜೊತೆಗಾತಿ. ಗ್ಲಿಸರಿನ್ ಬೆರೆತ ನೀರಿನಲ್ಲಿ ಧ್ವನಿ 1540ಕ್ಕಿಂತ ಜೋರಾಗಿ ಓಡುತ್ತದಲ್ಲ ಎಂದಳು. ಓಡುತ್ತದೆ. ಆದರೆ ಕಿರಣ ನಾಳದ ಅಂಚು ದಾಟುವಾಗ ಬಾಗುತ್ತದೆ, ಬಾಗಿದಾಗ ಕೋನವೂ ಬದಲಾಗುತ್ತದೆ. ಅಂಚುಗಳು ಸಮಾನಾಂತರವಾಗಿದ್ದರೆ ಸ್ನೆಲ್‌ನ ನಿಯಮದ ಪ್ರಕಾರ ಧ್ವನಿಯ ವೇಗದ, ಕೋನದ ಈ ಎರಡು ಬದಲಾವಣೆಗಳೂ ಒಂದನ್ನೊಂದು ಸರಿಯಾಗಿ ಹೊಡೆದುಹಾಕುತ್ತವೆ. ಒಳಗೆ ಜೇನುತುಪ್ಪ ಹರಿಸಿದರೂ ಅಷ್ಟೇ. ಇದು ಅರ್ಥವಾದ ದಿನ ಸಮಸ್ಯೆ ಬಗೆಹರಿಯದಿದ್ದರೂ ಕುಣಿಯುವಷ್ಟು ಸಂತೋಷವಾಯಿತು. ಮುಂದೆ ಬರೆಯಬೇಕಾದ ಭೌತವಿಜ್ಞಾನ ಮತ್ತು ಉಪಕರಣಗಳ ಪರೀಕ್ಷೆಗೆ ಪುಸ್ತಕ ಬಡಿದುಕೊಂಡು ಓದಿದ್ದರೆ ಇದು ಇಷ್ಟು ಗಟ್ಟಿಯಾಗಿ ಕೂರುತ್ತಿರಲಿಲ್ಲ.

ಹರಿವು ನಯವಾಗಿ ಕೂರಲು ನಾಳದ ಮುಂಚೆ ನೇರ ಕೊಳವೆ ಬೇಕಲ್ಲ, ಅದನ್ನೂ ನೋಡಿದೆ. ಬರೀ ನೀರಾದರೆ ಸುಮಾರು 43 ಸೆಂಟಿಮೀಟರ್ ಬೇಕು, ನಾಲ್ಕು ಪಟ್ಟು ಮಂದವಾದ ನನ್ನ ಮಿಶ್ರಣಕ್ಕೆ 11 ಸಾಕು. ನನ್ನದು 30 ಇತ್ತು. ಸಾಲದೆ, ಹರಿವು ಪಕ್ವವಾಗದಿದ್ದರೆ ನಡುವಿನ ವೇಗ 40ಕ್ಕಿಂತ ಕಡಿಮೆ ಬರುತ್ತದೆಯೇ ಹೊರತು ಹೆಚ್ಚಲ್ಲ. ಡಾಪ್ಲರ್ ಗೇನ್ (ಸಂಕೇತವನ್ನು ಹಿಗ್ಗಿಸುವ ಗುಂಡಿ) ಇಳಿಸಿದೆ. ಅಂಚಿನ ಕಸ ಹೋಯಿತು, 51 ಮಾತ್ರ ಕದಲಲಿಲ್ಲ.

ಈ ಹೊತ್ತಿಗೆ ಬೇಸತ್ತು ಬೇರೆಯದೇ ಕೆಲಸಕ್ಕೆ ಕೈಹಾಕಿದ್ದೆ. ರಬ್ಬರ್ ಕೈಗವಸಿನ ಬೆರಳಿಗೆ ನೀರು ತುಂಬಿ, ಒಳಗೆ ನಾಲ್ಕು ಕಡಲೆಕಾಳು ಹಾಕಿ, ಗಂಟು ಕಟ್ಟಿ ಜೆಲಾಟಿನ್‌ನಲ್ಲಿ ಹೂತರೆ ಪಿತ್ತಕೋಶದ ಕಲ್ಲು ತಯಾರು. ಪೆಟ್ಟಿಗೆಯನ್ನು ಮಗ್ಗುಲಾಗಿಸಿದರೆ ಕಾಳು ಉರುಳುತ್ತದೆ. ಕಲ್ಲು ಉರುಳುತ್ತದೆ, ಗೋಡೆಗಂಟಿದ ಪಾಲಿಪ್ ಉರುಳುವುದಿಲ್ಲ ಎಂಬುದನ್ನು ತೋರಿಸಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಇದರ ಫೋಟೋ ನೋಡಿದ ಹಾಸನದ ಬಂಧುವೊಬ್ಬರು ಬರುವಾಗ ಒಂದು ಪುಟ್ಟ ಸ್ಕ್ಯಾನಿಂಗ್ ಯಂತ್ರ ತಂದುಬಿಡು ಎಂದರು. ಕಡಲೆಕಾಳು ಎಷ್ಟು ಬೇಕಾದರೂ ತರುತ್ತೇನೆ. ಯಂತ್ರದ ಮಾತು ಬೇರೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಣಿಯಿಲ್ಲದವರಿಗೆ ಅಲ್ಲಿ ಯಂತ್ರ ಮಾರುವಂತೆಯೇ ಇಲ್ಲ. ಇಲ್ಲಿ ನಾವು ಸ್ಕ್ಯಾನ್ ಮಾಡುತ್ತೇವೆ, ವೈದ್ಯರು ವರದಿ ಬರೆಯುತ್ತಾರೆ. ಅಲ್ಲಿ ಪ್ರೋಬ್ ಹಿಡಿಯುವವರೂ ವೈದ್ಯರೇ. ನನ್ನ ಕೋರ್ಸಿನ ಹೆಸರನ್ನು ಊರಿನಲ್ಲಿ ವಿವರಿಸುವುದು ಡಾಪ್ಲರ್ ವಿವರಿಸುವುದಕ್ಕಿಂತ ಕಷ್ಟ.

ಮತ್ತೆ 51ಕ್ಕೆ. 'ಒಂದೇ ಕೋನದಲ್ಲಿ ಎಷ್ಟು ಸಲ ಅಳೆದರೂ ಒಂದೇ ಉತ್ತರ, ಕೋನ ಬದಲಿಸು' ಎಂದರು ನಮ್ಮ ಬೋಧಕಿ. ಸರಳನ್ನು ಓರೆಯಾಗಿಟ್ಟು ಇನ್ನೆರಡು ಪೆಟ್ಟಿಗೆ ಎರಕ ಹೊಯ್ದೆ, ಒಂದರಲ್ಲಿ 60 ಡಿಗ್ರಿ, ಇನ್ನೊಂದರಲ್ಲಿ 45 ಸಿಗುವಂತೆ. ಹರಿವು ಅದೇ, ಯಂತ್ರ ಅದೇ. 70 ಡಿಗ್ರಿಯಲ್ಲಿ 51, 60ರಲ್ಲಿ 47, 45ರಲ್ಲಿ 44. ಕೋನ ಏರಿದಂತೆ ಸುಳ್ಳೂ ಏರುತ್ತದೆ. ಯಂತ್ರ ಎಲ್ಲಿ ಅಳೆಯಬೇಕೆಂದು ಗುರುತಿಸುವ ಗೇಟನ್ನು ಚಿಕ್ಕದು ಮಾಡಿ ನಾಳದ ನಟ್ಟನಡುವೆ ಇಟ್ಟು, ವೇಗಗಳನ್ನು ತೋರಿಸುವ ಪರದೆಯ ಬಿಳಿ ಪಟ್ಟಿಯನ್ನು ದಿಟ್ಟಿಸಿದಾಗ ತಿಳಿಯಿತು, ಪಟ್ಟಿಯ ಮಧ್ಯಭಾಗ ಮೂರರಲ್ಲೂ 40ರ ಆಸುಪಾಸಿನಲ್ಲೇ ಇದೆ. ಅಗಲವಾಗುತ್ತಿರುವುದು ಪಟ್ಟಿ. ನಾವು ಪರದೆಯಲ್ಲಿ ಅಳತೆಯ ಗುರುತು ಇಡುವುದು ಅದರ ಮೇಲಂಚಿನ ಮೇಲೆ.

1842ರಲ್ಲಿ ಪ್ರಾಗ್‌ನಲ್ಲಿ ಡಾಪ್ಲರ್, ಮೂಲ ಚಲಿಸಿದರೆ ಕಂಪನಾಂಕ ಬದಲಾಗಿ ಕಾಣುತ್ತದೆಂಬ ತನ್ನ ವಾದ ಮಂಡಿಸಿದ. 1845ರಲ್ಲಿ ಡಚ್ ವಿಜ್ಞಾನಿ ಬೈಸ್ ಬಲೋಟ್ ಉಟ್ರೆಕ್ಟ್ ಬಳಿ ರೈಲಿನ ಮೇಲೆ ತುತ್ತೂರಿಯವರನ್ನು ಕೂರಿಸಿ ಅದನ್ನು ಪರೀಕ್ಷಿಸಿದ. ಹಳಿಯ ಪಕ್ಕ ಒಂದು ಜಾಗದಲ್ಲಿ ನಿಂತ ಕಿವಿಗೆ ಒಂದು ಕ್ಷಣದಲ್ಲಿ ಒಂದೇ ಕೋನ. ನಮ್ಮ ಪ್ರೋಬ್ ಕಿವಿಗಳ ಸಾಲು. ಒಂದು ತುದಿಯ ಹರಳಿಗೆ ಅದೇ ಕಣ ಚಿಕ್ಕ ಕೋನದಲ್ಲಿ ಕಾಣುತ್ತದೆ, ಇನ್ನೊಂದು ತುದಿಗೆ ದೊಡ್ಡ ಕೋನದಲ್ಲಿ. ಚಿಕ್ಕ ಕೋನದವನು ಹೆಚ್ಚು ವೇಗ ವರದಿ ಮಾಡುತ್ತಾನೆ, ಮೇಲಂಚು ಅವನ ಮಾತು. ನಾನು ಕೂರಿಸುವ ಗೆರೆ ಇವರೆಲ್ಲರಿಗೂ ಸೇರಿಸಿ ಒಂದೇ. ಪಠ್ಯದಲ್ಲಿ ಇದಕ್ಕೆ ಇಂಟ್ರಿನ್ಸಿಕ್ ಸ್ಪೆಕ್ಟ್ರಲ್ ಬ್ರಾಡನಿಂಗ್ ಎಂಬ ಹೆಸರಿದೆ. ಯಂತ್ರ ಕೆಟ್ಟಿಲ್ಲ, ಅದರ ರಚನೆಯೇ ಹಾಗೆ.

ಹಾಗಾದರೆ ಆಸ್ಪತ್ರೆಯಲ್ಲಿ ಇದನ್ನು ಕಳೆದು ಬರೆಯಬೇಕೇ? ಖಂಡಿತ ಬೇಡ ಎಂಬುದು ನನ್ನ ವಾದ. ಒಳ ಕ್ಯಾರೋಟಿಡ್‌ನಲ್ಲಿ ಗರಿಷ್ಠ ವೇಗ 125 ಮುಟ್ಟಿದರೆ ಅರ್ಧಕ್ಕಿಂತ ಹೆಚ್ಚು ಕಿರಿದಾಗಿದೆ, 230 ದಾಟಿದರೆ ಶೇಕಡಾ 70ಕ್ಕೂ ಹೆಚ್ಚು ಎಂದು 2003ರ ಅಮೆರಿಕನ್ ಒಮ್ಮತದ ಪಟ್ಟಿ ಹೇಳುತ್ತದೆ. ಇಂಥ ಗಡಿಗಳು ಹುಟ್ಟಿದ್ದೇ ಇಂಥ ಯಂತ್ರಗಳ ಅಳತೆಗಳನ್ನು ಆಂಜಿಯೋಗ್ರಾಂ ಜೊತೆ ಹೋಲಿಸಿ. ಉಬ್ಬರ ಅವುಗಳ ಒಳಗೇ ಸೇರಿದೆ. ನಾನು ಬಕೆಟ್ಟಿನ ಸತ್ಯ ಹಿಡಿದುಕೊಂಡು ಕಡಿಮೆ ಮಾಡಿ ಬರೆದರೆ ರೋಗಿಯ ನಾಳ ಕಾಗದದ ಮೇಲೆ ಮಾತ್ರ ಆರೋಗ್ಯವಾಗುತ್ತದೆ. ಮಾಡಬೇಕಾದ್ದು ಒಂದೇ: ಹೋದ ಸಲ 60ರಲ್ಲಿ ಅಳೆದಿದ್ದರೆ ಈ ಸಲವೂ 60ರಲ್ಲೇ ಅಳೆಯುವುದು. 60 ಮೀರಬೇಡಿ ಎಂದು ಬೋಧಕರು ಗೊಣಗುತ್ತಿದ್ದುದು ಕೇವಲ ಶಿಸ್ತಿಗಾಗಿ ಎಂದುಕೊಂಡಿದ್ದ ಸಹಪಾಠಿಗಳಿಗೆ ಮೂರು ಪೆಟ್ಟಿಗೆಗಳನ್ನೂ ಸಾಲಾಗಿಟ್ಟು ತೋರಿಸಿದ್ದೇನೆ.

ಮುಂದಿನದು ಕಿರಿದಾದ ನಾಳ. ವ್ಯಾಸ ಅರ್ಧವಾದರೆ ಕ್ಷೇತ್ರ ಕಾಲು ಭಾಗ, ಸರಾಸರಿ ವೇಗ 20ರಿಂದ 80ಕ್ಕೆ. ಎಂಟಾಣೆಯ ಗಣಿತ. ಆದರೆ ನಡುವೆ ಸೊಂಟವಿರುವ ಸರಳನ್ನು ಜೆಲಾಟಿನ್ ಹರಿಯದಂತೆ ಎಳೆಯುವುದು ಹೇಗೆ? ಎರಡು ಕಡೆಯಿಂದ ಬಂದು ಸೊಂಟದಲ್ಲಿ ಕೂಡುವ ಜೋಡಿ ಸರಳು ಒಂದು ದಾರಿ. ನೀರಿನಲ್ಲಿ ಕರಗುವ ಪಿವಿಎ ತಂತುವಿನಲ್ಲಿ ತ್ರಿಡಿ ಮುದ್ರಿಸಿ ಕರಗಿಸುವುದು ಇನ್ನೊಂದು, ಆದರೆ ಅದು ಒದ್ದೆ ಜೆಲಾಟಿನ್ ಗಟ್ಟಿಯಾಗುವ ಮೊದಲೇ ಮೆತ್ತಗಾದೀತೆಂಬ ಭಯವಿದೆ. ಮೇಲೆ ತೆಳುವಾಗಿ ಮೇಣ ಬಳಿದು ನೋಡಿದವರು ಯಾರಾದರೂ ಇದ್ದರೆ ತಿಳಿಸಿ. ತಂತುವಿನ ಸುರುಳಿಗೆ ಆರ್ಡರ್ ಹಾಕಿದ್ದೇನೆ. 1.75 ಮಿಲಿಮೀಟರ್ ಎಂದು ಬರೆದಿದ್ದಾರೆ. ಕ್ಯಾಲಿಪರ್ ಮೇಜಿನ ಮೇಲೆ ಸಿದ್ಧವಾಗಿದೆ.