ರೆಕ್ಕೆ ಬಡಿಯದ ಹಕ್ಕಿಯ ಊರು

ಅಕ್ಕನ ಮಗ ಸರಕು ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಕಳೆದ ಜುಲೈನಲ್ಲಿ ಅವನ ಹಡಗು ಡರ್ಬನ್ ಬಿಟ್ಟು ದಕ್ಷಿಣ ಆಫ್ರಿಕಾದ ತುದಿಯನ್ನು ಸುತ್ತಿ ಹೋಗುತ್ತಿತ್ತು. "ಮಾಮ, ಇದ್ಯಾವ ಹಕ್ಕಿ? ಬೆಳಗ್ಗೆಯಿಂದ ನಮ್ಮ ಹಿಂದೇನೇ ಬರ್ತಿದೆ. ರೆಕ್ಕೆ ಬಡಿಯೋದೇ ಇಲ್ಲ" ಅಂತ ವಾಟ್ಸಾಪ್‌ನಲ್ಲಿ ಬರೆದು ಕೆಲವು ಫೋಟೊ, ಒಂದು ವಿಡಿಯೊ ಕಳಿಸಿದ. ಸಕಲೇಶಪುರದಲ್ಲಿ ಮಳೆ ಹಿಡಿದು ತೋಟದ ಕೆಲಸ ನಿಂತಿತ್ತು. ನಾನು ಫೋನ್ ಹಿಡಿದು ಕೂತೆ.

ಇದು ಆಲ್ಬಟ್ರಾಸ್ ಅನ್ನೋ ದೊಡ್ಡ ಕಡಲ ಹಕ್ಕಿ ಅಂತ ವಿಡಿಯೊ ನೋಡಿದ ಕೂಡಲೇ ಗೊತ್ತಾಯಿತು. ಯಾವ ಆಲ್ಬಟ್ರಾಸ್ ಅನ್ನೋದೇ ಪ್ರಶ್ನೆ. ಸುಮಾರು 22 ಜಾತಿಗಳಿವೆ. ನಮ್ಮ ತೋಟದಲ್ಲಾದರೆ ಕಿವಿಯೇ ಸಾಕು. ಮಂಗಟ್ಟೆಯನ್ನೋ ಕುಟ್ರಹಕ್ಕಿಯನ್ನೋ ಕಣ್ಣಿಗೆ ಬೀಳುವ ಮೊದಲೇ ಹೇಳಿಬಿಡಬಹುದು. ಕಡಲ ಹಕ್ಕಿಯ ವಿಷಯದಲ್ಲಿ ಅದು ನಡೆಯೋದಿಲ್ಲ. ಮೊದಲು ನೋಡಬೇಕಾದ್ದು ಎರಡು, ರೆಕ್ಕೆಯ ಅಡಿಭಾಗ ಮತ್ತು ಕೊಕ್ಕು.

ಹಕ್ಕಿ ಓರೆಯಾಗಿ ಹೊರಳಿದ ಒಂದು ಫೋಟೊ ಚೆನ್ನಾಗಿ ಬಂದಿತ್ತು. ರೆಕ್ಕೆಯ ಅಡಿ ಬಿಳಿ, ಸುತ್ತ ತೆಳುವಾದ ಕಪ್ಪು ಅಂಚು. ಕಪ್ಪು ಹುಬ್ಬಿನ ಆಲ್ಬಟ್ರಾಸ್ ಆಗಿದ್ದರೆ ಆ ಅಂಚು ಅಗಲವಾಗಿರಬೇಕಿತ್ತು, ಕೊಕ್ಕು ಹಳದಿ-ಕಿತ್ತಳೆ ಇರಬೇಕಿತ್ತು. 'ಶೈ' ಅನ್ನೋ ಜಾತಿಯಾಗಿದ್ದರೆ ಅಂಚು ಇನ್ನೂ ತೆಳು, ಜೊತೆಗೆ ರೆಕ್ಕೆಯ ಬುಡದಲ್ಲಿ ಹೆಬ್ಬೆಟ್ಟು ಒತ್ತಿದಷ್ಟು ಕಪ್ಪು ಗುರುತು ಇರುತ್ತದೆ. ಇದರಲ್ಲಿ ಅದಿರಲಿಲ್ಲ. ಫೋಟೊ ದೊಡ್ಡದು ಮಾಡಿದೆ. ಕಪ್ಪು ಕೊಕ್ಕು, ಅದರ ಬೆನ್ನ ಮೇಲೆ ಬುಡದಿಂದ ತುದಿಯವರೆಗೆ ಹಳದಿ ಗೆರೆ. ಹಳದಿ ಮೂಗಿನ ಆಲ್ಬಟ್ರಾಸ್! ಅದರಲ್ಲೂ ಎರಡು ಬಗೆ. ಅಟ್ಲಾಂಟಿಕ್‌ನದರ ತಲೆ ಬೂದು, ಹಿಂದೂ ಮಹಾಸಾಗರದ್ದರ ತಲೆ ಹೆಚ್ಚುಕಡಿಮೆ ಬಿಳಿ. ಇದರದ್ದು ಬಿಳಿ. ಹಿಂದೂ ಮಹಾಸಾಗರದ್ದೇ ಅಂದರೆ ನಮ್ಮದೇ ಕಡಲಿನದು ಅಲ್ವಾ, ಖುಷಿಯಾಯಿತು.

ವಿಡಿಯೊವನ್ನು ಮತ್ತೆ ಮತ್ತೆ ನೋಡಿದೆ. ಗಾಳಿ ನೀರಿನ ಹತ್ತಿರ ನಿಧಾನ, ಮೇಲೆ ಹೋದಂತೆ ಜೋರು. ಹಕ್ಕಿ ಗಾಳಿಗೆ ಎದುರಾಗಿ ಮೇಲೇರುತ್ತದೆ, ತಿರುಗುತ್ತದೆ, ಗಾಳಿಯ ಜೊತೆ ಜಾರುತ್ತಾ ಅಲೆಯ ನೆತ್ತಿ ಸವರಿ ಮತ್ತೆ ಏರುತ್ತದೆ. ಆ ವೇಗದ ವ್ಯತ್ಯಾಸವೇ ಅದರ ಇಂಧನ. ಚಾಚಿದ ರೆಕ್ಕೆಯನ್ನು ಭುಜದ ಒಂದು ನರದಂಥ ಪಟ್ಟಿ ಹಾಗೇ ಲಾಕ್ ಮಾಡಿ ಹಿಡಿಯುತ್ತದೆ. ತೋಳು ಸೋಲೋದಿಲ್ಲ.

ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಮ್ಮ, "ಯಾವಾಗ್ಲೂ ನೀರಿನ ಮೇಲೇ ಇದ್ರೆ ಮೊಟ್ಟೆ ಎಲ್ಲಿ ಇಡುತ್ತಪ್ಪಾ?" ಅಂದರು. ಕೇಳಬೇಕಾದ ಪ್ರಶ್ನೆಯೇ ಅದು. ಮ್ಯಾಪ್ ತೆಗೆದು ಕನ್ಯಾಕುಮಾರಿಯ ಮೇಲೆ ಬೆರಳಿಟ್ಟು ನೇರ ದಕ್ಷಿಣಕ್ಕೆ ಎಳೆದೆ. ಸುಮಾರು 5,000 ಕಿಲೋಮೀಟರ್ ಬರೀ ನೀರು. ಆಮೇಲೆ ಒಂದು ಚುಕ್ಕೆ, ಆಮ್ಸ್ಟರ್‌ಡ್ಯಾಮ್ ದ್ವೀಪ. ಫ್ರಾನ್ಸಿನದು. ಈ ಹಕ್ಕಿಗಳ ಅತಿ ದೊಡ್ಡ ನೆಲೆ ಅಲ್ಲಿನ ಕಡಿದಾದ ಬಂಡೆಗಳಲ್ಲಿದೆ. ಮಣ್ಣು, ಹುಲ್ಲು ಸೇರಿಸಿ ಎತ್ತರದ ಗೂಡು ಕಟ್ಟಿ ಒಂದೇ ಮೊಟ್ಟೆ ಇಡುತ್ತವೆ. ಗಂಡು, ಹೆಣ್ಣು ಸರದಿಯಲ್ಲಿ ಕಾವು ಕೂರುತ್ತವೆ. ಹಾರಿಹೋದ ಮರಿ ಕೆಲವು ವರ್ಷ ಕಡಲಲ್ಲೇ ಕಳೆದು, ಬೆಳೆದ ಮೇಲೆ ಮರಳುತ್ತದೆ. "ಒಂದೇನಾ?" ಅಂದರು ಅಮ್ಮ. ಒಂದೇ. ಹಾಗಾಗಿಯೇ ಒಂದೊಂದು ಸಾವೂ ಭಾರ. ಆ ದ್ವೀಪದಲ್ಲಿ ಹಕ್ಕಿಗಳ ಕಾಲರಾ ಬಂದು ಮರಿಗಳು ಸಾಯುತ್ತಿವೆ. ಕಡಲಲ್ಲಿ ಮೀನುಗಾರರ ಉದ್ದದ ಗಾಳದ ಸಾಲುಗಳಿವೆ. ಕೊಕ್ಕೆಯ ಮೀನಿಗೆ ಬಾಯಿ ಹಾಕಿದ ಹಕ್ಕಿಯನ್ನು ಗಾಳ ನೀರಿನೊಳಕ್ಕೆ ಎಳೆದುಕೊಂಡು ಹೋಗುತ್ತದೆ, ಹಕ್ಕಿ ಸಾಯುತ್ತದೆ. ಈ ಜಾತಿ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಇದನ್ನು ಓದುವಾಗ ನನಗೆ ಸಂಕಟವಾಯಿತು.

ತಡೆಯುವ ದಾರಿ ಮಾತ್ರ ಕಷ್ಟದ್ದಲ್ಲ. ಗದ್ದೆಗೆ ಹಕ್ಕಿ ಇಳಿಯದಿರಲಿ ಅಂತ ನಮ್ಮಲ್ಲಿ ಕ್ಯಾಸೆಟ್ ಟೇಪು ಎಳೆದು ಕಟ್ಟುತ್ತಾರಲ್ಲ, ಹಾಗೇ ದೋಣಿಯ ಹಿಂದೆ ಬಣ್ಣದ ಪಟ್ಟಿ ಇಳಿಬಿಟ್ಟ ಹಗ್ಗ ಕಟ್ಟುತ್ತಾರೆ. ಗಾಳಕ್ಕೆ ಭಾರ ಹಾಕಿ ಬೇಗ ಮುಳುಗಿಸುತ್ತಾರೆ, ರಾತ್ರಿ ಹೊತ್ತು ಬಿಡುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಬಲೆ ಎಳೆಯುವ ದೋಣಿಗಳಲ್ಲೂ ಈ ಹಗ್ಗ ಕಡ್ಡಾಯವಾದ ಮೇಲೆ ಆಲ್ಬಟ್ರಾಸ್‌ಗಳ ಸಾವು ತುಂಬಾ ಇಳಿದಿದೆ.

ಇದನ್ನೆಲ್ಲ ಬರೆದು ಹುಡುಗನಿಗೆ ಕಳಿಸಿದೆ. ಮೀನು ದೋಣಿ ಕಂಡರೆ ಅದರ ಹಿಂದೆ ಆ ಪಟ್ಟಿಗಳಿವೆಯಾ ನೋಡು ಅಂದೆ. ಕೇಪ್‌ಟೌನ್ ಹತ್ತಿರ ಬಂದಾಗ ಉತ್ತರ ಬಂತು: "ದುರ್ಬೀನಿನಲ್ಲಿ ನೋಡ್ದೆ ಮಾಮ. ಕಟ್ಟಿದ್ದಾರೆ."