ಎರಡನೇ ಬಾಟಲಿ ಹೇಳಿದ್ದು: ಬಿಯರ್ ನೋಟ್‌ಬುಕ್‌ನ ಎಂಟು ತಿಂಗಳು

ನೋಟ್‌ಬುಕ್ ಶುರು ಮಾಡಿ ಎಂಟು ತಿಂಗಳಾಯಿತು. ಗುರಿ ಇಪ್ಪತ್ತನಾಲ್ಕು ಬಗೆಯ ಬಿಯರ್. ಇದುವರೆಗೆ ಹದಿನೇಳು ಬಗೆ ಕುಡಿದು ನೋಡಿದ್ದಾಗಿದೆ. ಇಷ್ಟದ ಪಟ್ಟಿಗೆ ಸೇರಿದ್ದು ಮಾತ್ರ ಆರೇ ಆರು. ಅದಕ್ಕೆ ಕಾರಣ ನಾವೇ ಹಾಕಿಕೊಂಡ ಒಂದು ನಿಯಮ. ಯಾವ ಬಿಯರನ್ನೇ ಆಗಲಿ, ಆರು ವಾರದ ಅಂತರ ಬಿಟ್ಟು ಎರಡು ಸಲ ಕುಡಿಯದೆ ಪಟ್ಟಿಗೆ ಸೇರಿಸುವ ಹಾಗಿಲ್ಲ. ಮೊದಲ ದಿನ ಈ ನಿಯಮ ಇರಲಿಲ್ಲ. ಎರಡು ಪೆಟ್ಟು ತಿಂದ ಮೇಲೆ ಬಂತು.

ನಾವು ಅಂದರೆ ನಾನು ಮತ್ತು ಒಬ್ಬ ಗೆಳೆಯ. ಒಂದು ಸಂಜೆಗೆ ಒಂದೇ ಬಾಟಲಿ, ಇಬ್ಬರಿಗೂ ಅರ್ಧರ್ಧ. ಇದು ಕಂಜೂಸುತನ ಅಲ್ಲ. ಎರಡನೇ ಬಾಟಲಿ ತೆರೆದರೆ ಮಾತು ಜಾಸ್ತಿಯಾಗುತ್ತದೆ, ನಾಲಿಗೆ ಮಂದವಾಗುತ್ತದೆ, ಬರೆದಿದ್ದು ಮರುದಿನ ಓದಲು ಆಗುವುದಿಲ್ಲ. ಹತ್ತಕ್ಕೆ ಎಷ್ಟು ಅಂಕ ಎಂದು ಬೇರೆ ಬೇರೆ ಬರೆದು, ಆಮೇಲೆ ಒಬ್ಬರಿಗೊಬ್ಬರು ತೋರಿಸುತ್ತೇವೆ.

ಒಂದನೇ ತಿಂಗಳು

ಶುರು ಪಿಲ್ಸ್ನರ್ ಉರ್ಕೆಲ್‌ನಿಂದ. ಇಂದು ಜಗತ್ತಿನಲ್ಲಿ ಕುಡಿಯುವ ಹೊಂಬಣ್ಣದ ಲಾಗರ್‌ಗಳಲ್ಲಿ, ಅಂದರೆ ತಣ್ಣಗಿನ ಜಾಗದಲ್ಲಿ ನಿಧಾನಕ್ಕೆ ಹುದುಗಿಸಿದ ಬಿಯರ್‌ಗಳಲ್ಲಿ, ಹೆಚ್ಚಿನವು ಇದರ ವಂಶದವೇ. ಹಾಗಾಗಿ ಅಳತೆಗೋಲು ಇದೇ ಆಗಲಿ ಎಂದುಕೊಂಡೆವು. ಕಥೆಯೂ ಚೆನ್ನಾಗಿದೆ. ಬೊಹೆಮಿಯಾದ (ಈಗಿನ ಚೆಕ್ ದೇಶ) ಪಿಲ್ಸೆನ್ ಊರಲ್ಲಿ 1838ರಲ್ಲಿ ಬಿಯರ್ ಎಷ್ಟು ಕೆಟ್ಟಿತ್ತೆಂದರೆ, ಪುರಭವನದ ಎದುರೇ 36 ಪೀಪಾಯಿ ಸುರಿದು ಬಿಟ್ಟರು. ಆಮೇಲೆ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿದರು. ಈಗಿನ ಜರ್ಮನಿಯ ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಬಿಯರ್ ತಯಾರಕನನ್ನು ಕರೆಸಿದರು. ಅಲ್ಲಿನ ಮೆದು ನೀರು, ಸಾಟ್ಸ್ ಊರಿನ ಹಾಪ್ಸ್ (ಕಹಿ, ಘಮ ಕೊಡುವ ಹೂವು), ತಿಳಿಬಣ್ಣದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ತಣ್ಣಗಿನ ನೆಲಮಾಳಿಗೆ. 1842ರ ಅಕ್ಟೋಬರಿನಲ್ಲಿ ಮೊದಲ ಹದ ಇಳಿಯಿತು. ಮೂರೇ ವರ್ಷದಲ್ಲಿ ಗ್ರೋಲ್ ತನ್ನ ಊರಿಗೆ ವಾಪಸ್ ಹೋದ. ಬಿಯರ್ ಮಾತ್ರ ಜಗತ್ತೆಲ್ಲ ಸುತ್ತಿತು.

ಇಷ್ಟೆಲ್ಲ ಓದಿಕೊಂಡು ಕೂತ ನಾನು ಆ ದಿನ ಬರೆದಿದ್ದು ಇಷ್ಟೇ: "ತಣ್ಣಗಿದೆ. ಕಹಿ ಇದೆ. 6." ನಾಚಿಕೆಯಾಗುವಂಥ ಸಾಲು. ತಪ್ಪು ನನ್ನದೇ. ಬಾಟಲಿಯನ್ನು ಫ್ರೀಜರಿನಲ್ಲಿ ಇಟ್ಟು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿ, ಬಾಟಲಿಗೇ ಬಾಯಿಟ್ಟು ಕುಡಿದಿದ್ದೆ. ಅಷ್ಟು ಚಳಿಗೆ ಘಮ ಮೇಲೇಳುವುದೇ ಇಲ್ಲ. ಕಿರಿದಾದ ಬಾಯಿಯ ಬಾಟಲಿಯಲ್ಲಿ ಮೂಗಿಗೂ ಕೆಲಸವಿಲ್ಲ.

ಎರಡನೇ ತಿಂಗಳು, ಪೆಟ್ಟು ಬಿದ್ದಿದ್ದು

ಹಸಿರು ಬಾಟಲಿಯ ಒಂದು ಲಾಗರ್. ಹೆಸರು ಬೇಡ, ಪಾಪ ಅದರದ್ದೇನೂ ತಪ್ಪಿರಲಿಲ್ಲ. ತಂದವನು ಚೆಂದ ಕಾಣುತ್ತದೆ ಎಂದು ಎರಡು ದಿನ ಕಿಟಕಿಯ ಹತ್ತಿರ ಇಟ್ಟಿದ್ದೆ. ಮುಚ್ಚಳ ತೆಗೆದ ಕೂಡಲೇ ಗೆಳೆಯ ಮೂಗು ಮುಚ್ಚಿಕೊಂಡ. ಸುಟ್ಟ ರಬ್ಬರೂ ಬೆಳ್ಳುಳ್ಳಿಯೂ ಸೇರಿದ ಹಾಗಿನ ನಾತ.

ಹಾಪ್ಸ್‌ನಲ್ಲಿ ಕಹಿ ಕೊಡುವ ವಸ್ತು ಬಿಸಿಲಿಗೆ ಒಡೆಯುತ್ತದೆ. ಗಂಧಕ ಇರುವ ಒಂದು ಸಂಯುಕ್ತ ಹುಟ್ಟುತ್ತದೆ. ಸ್ಕಂಕ್ ಎಂಬ ಅಮೆರಿಕದ ಪ್ರಾಣಿ ಹೆದರಿದಾಗ ಬಿಡುವ ವಾಸನೆಯ ಹತ್ತಿರದ ನೆಂಟ ಅದು. ಮೂಗಿಗೆ ಗೊತ್ತಾಗಲು ಅದರ ಚೂರೇ ಚೂರು ಸಾಕು. ಕಂದು ಗಾಜು ಈ ಬೆಳಕನ್ನು ಬಹುಪಾಲು ತಡೆಯುತ್ತದೆ. ಹಸಿರು ಗಾಜಿನಿಂದ ಅಷ್ಟಾಗುವುದಿಲ್ಲ. ಬಣ್ಣವಿಲ್ಲದ ಗಾಜಿನದ್ದಂತೂ ಕೇಳುವುದೇ ಬೇಡ. ಕ್ಯಾನ್‌ಗೆ ಈ ಚಿಂತೆಯೇ ಇಲ್ಲ. ಕ್ಯಾನ್ ಅಂದರೆ ಕೀಳು ಎಂದುಕೊಂಡಿದ್ದ ನಾನು ಆ ದಿನದಿಂದ ಸುಮ್ಮನಾದೆ.

"ಹಾಗಾದರೆ ನಾವು ಅಂಕ ಕೊಡುತ್ತಿರೋದು ಬಿಯರಿಗೋ, ನಿನ್ನ ಕಿಟಕಿಗೋ?" ಎಂದು ಗೆಳೆಯ ಕೇಳಿದ. ನಿಯಮ ಹುಟ್ಟಿದ್ದು ಆಗ. ಬಾಟಲಿಗಳು ಅವತ್ತೇ ಕತ್ತಲೆ ಕಪಾಟಿಗೆ ಹೋದವು. ಎರಡು ಒಂದೇ ಥರದ ಗ್ಲಾಸ್ ಬಂದವು. ಒಂದು ಥರ್ಮಾಮೀಟರ್ ಕೂಡ.

ಅದೇ ತಿಂಗಳ ಕೊನೆಗೆ ಪಿಲ್ಸ್ನರ್‌ಗೆ ಎರಡನೇ ಅವಕಾಶ. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಎಂಟು ಡಿಗ್ರಿಗೆ ಬಂದ ಮೇಲೆ ಗ್ಲಾಸಿಗೆ ಸುರಿದೆವು. ಮೊದಲು ಬ್ರೆಡ್ಡಿನ ಸಿಪ್ಪೆಯ ಘಮ. ಆಮೇಲೆ ಸಣ್ಣ ಸಿಹಿ. ಅದು ಮುಗಿಯುವ ಹೊತ್ತಿಗೆ ಹುಲ್ಲಿನ ಹಾಗೆ ಹಸಿಯಾದ ಕಹಿ. ಪಿಲ್ಸೆನ್‌ನಲ್ಲಿ ಮಾಲ್ಟ್ ಗಂಜಿಯ ಒಂದು ಪಾಲನ್ನು ತೆಗೆದು ಕುದಿಸಿ ಮತ್ತೆ ಬೆರೆಸುತ್ತಾರೆ. ಹೀಗೆ ಮೂರು ಸಲ. ಆ ಸಿಪ್ಪೆಯ ಘಮದಲ್ಲಿ ಈ ಕುದಿಸುವಿಕೆಯ ಪಾಲು ದೊಡ್ಡದು. ಎಂಟೂವರೆ ಕೊಟ್ಟೆ. ಅದೇ ಬಿಯರ್, ಅದೇ ನಾಲಿಗೆ, ಎರಡೂವರೆ ಅಂಕ ಜಾಸ್ತಿ.

ಮೂರು ಮತ್ತು ನಾಲ್ಕು

ಗೋಧಿ ಬಿಯರ್. ಷ್ನೈಡರ್ ವೈಸೆ. ಬವೇರಿಯಾದ 1516ರ ಕಾನೂನು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮೂರೇ ಸಾಕು ಎಂದಿತ್ತು. ಬಿಯರನ್ನು ಹುದುಗಿಸುವ ಸೂಕ್ಷ್ಮಜೀವಿ ಯೀಸ್ಟಿನ ಹೆಸರೇ ಇಲ್ಲ. ಗೋಧಿ ಬಿಯರ್ ಮಾಡುವ ಹಕ್ಕು ಮುಂದೆ ಬಹುಕಾಲ ಅರಮನೆಯವರ ಕೈಯಲ್ಲಿತ್ತು. ಗೆಯೋರ್ಗ್ ಷ್ನೈಡರ್ 1872ರಲ್ಲಿ ಆ ಹಕ್ಕು ಪಡೆದುಕೊಂಡ. ಆಗ ಈ ಬಿಯರನ್ನು ಕೇಳುವವರೇ ಕಡಿಮೆಯಾಗಿದ್ದರು.

ಕಾನೂನು ಮರೆತ ಯೀಸ್ಟೇ ಇಲ್ಲಿ ರಾಜ. ಗ್ಲಾಸ್ ಮೂಗಿನ ಹತ್ತಿರ ತಂದರೆ ಬಾಳೆಹಣ್ಣು, ಹಿಂದೆಯೇ ಲವಂಗ. ಯಾರೂ ಬಾಳೆಹಣ್ಣು ಹಾಕಿಲ್ಲ, ಲವಂಗವೂ ಇಲ್ಲ. ಎರಡೂ ಯೀಸ್ಟ್ ಹುದುಗುವಾಗ ಮಾಡಿದ್ದು. ಬಾಳೆಹಣ್ಣಿನ ಘಮಕ್ಕೆ ಕಾರಣವಾದ ಐಸೋಅಮೈಲ್ ಅಸಿಟೇಟ್ ನಿಜವಾದ ಬಾಳೆಹಣ್ಣಿನಲ್ಲೂ ಇದೆ. ಇದನ್ನು ಓದಿದ ಮೇಲೆ ನನ್ನ ನೋಟ್‌ಬುಕ್‌ನ ಕಾಲಂಗಳೇ ಬದಲಾದವು. ಮೊದಲು ಬಣ್ಣ, ಆಲ್ಕೋಹಾಲ್, ಕಹಿ ಎಂದು ಇದ್ದವು. ಈಗ ಯೀಸ್ಟಿಗೆ ಒಂದು ದೊಡ್ಡ ಕಾಲಂ.

ಮೊದಲ ಸಲ ತಳದ ಗಸಿ ಬೀಳದ ಹಾಗೆ ಹುಷಾರಾಗಿ ಬಗ್ಗಿಸಿದ್ದೆ. ತಿಳಿಯಾಗಿತ್ತು, ಸಪ್ಪೆಯೂ ಆಗಿತ್ತು. ಎರಡನೇ ಸಲ ಕೊನೆಯ ಎರಡು ಬೆರಳಷ್ಟು ಬಿಯರನ್ನು ಬಾಟಲಿಯಲ್ಲೇ ಗಿರ್ರನೆ ತಿರುಗಿಸಿ, ಗಸಿಯ ಸಮೇತ ಸುರಿದೆ. ಬಿಯರ್ ಮಬ್ಬಾಯಿತು, ಬಾಯಿ ತುಂಬಿತು. 7 ಇದ್ದದ್ದು 9 ಆಯಿತು.

ನಾಲ್ಕನೇ ತಿಂಗಳು ಕಪ್ಪು ಬಣ್ಣದ ಗಿನ್ನೆಸ್ ಬಿಯರಿನ ಕ್ಯಾನ್. ಆರ್ಥರ್ ಗಿನ್ನೆಸ್ 1759ರಲ್ಲಿ ಡಬ್ಲಿನ್‌ನ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ 9000 ವರ್ಷದ ಗುತ್ತಿಗೆಗೆ ಬರೆಸಿಕೊಂಡ ಕಥೆ ಎಲ್ಲರಿಗೂ ಗೊತ್ತು. ನಮ್ಮ ಕುತೂಹಲ ಬೇರೆಯದಾಗಿತ್ತು. ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ, ಒಂದು ಗುಟುಕು ಪಿಲ್ಸ್ನರ್, ಒಂದು ಗುಟುಕು ಗಿನ್ನೆಸ್ ಕೊಟ್ಟೆ. ಯಾವುದು ಸ್ಟ್ರಾಂಗ್ ಎಂದು ಕೇಳಿದೆ. ಅವನು ಪಿಲ್ಸ್ನರ್ ಎಂದ. ಬಟ್ಟೆ ಬಿಚ್ಚಿದ ಮೇಲೆ ಒಪ್ಪಲಿಲ್ಲ. ಲೇಬಲ್ ತೋರಿಸಿದೆ: ಆಲ್ಕೋಹಾಲ್ ಪಿಲ್ಸ್ನರ್‌ನಲ್ಲಿ ಶೇಕಡ 4.4, ಗಿನ್ನೆಸ್ ಡ್ರಾಫ್ಟ್‌ನಲ್ಲಿ 4.2. ಕಪ್ಪು ಬಣ್ಣ ಬರುವುದು ಸ್ವಲ್ಪವೇ ಸ್ವಲ್ಪ ಹುರಿದ ಬಾರ್ಲಿಯಿಂದ. ಕಪ್ಪು ಅಂದರೆ ಭಾರ ಎಂದು ಹೇಳಿದ್ದು ನಾಲಿಗೆ ಅಲ್ಲ, ಕಣ್ಣು. ಅದರ ನುಣುಪಿಗೆ ಸಾರಜನಕ ಕಾರಣ. ಇಂಗಾಲದ ಡೈಆಕ್ಸೈಡಿನ ಹಾಗೆ ನಾಲಿಗೆ ಚುಚ್ಚುವುದಿಲ್ಲ, ಗುಳ್ಳೆಗಳೂ ಪುಟ್ಟವು. ಕ್ಯಾನ್ ಅಲುಗಿಸಿದರೆ ಒಳಗೆ ಲೊಟಲೊಟ ಎನ್ನುವ ಪ್ಲಾಸ್ಟಿಕ್ ಚೆಂಡೇ ಆ ನೊರೆಯನ್ನು ಎಬ್ಬಿಸುತ್ತದೆ. ಸುರಿದ ಮೇಲೆ ಗ್ಲಾಸಿನ ಅಂಚಿನಲ್ಲಿ ಗುಳ್ಳೆಗಳು ಕೆಳಗೆ ಇಳಿಯುವುದನ್ನು ನೋಡುತ್ತಾ ಹತ್ತು ನಿಮಿಷ ಕಳೆದೆವು. ನಡುವಿನ ಬಿಯರ್ ಮೇಲೇರುವಾಗ ಅಂಚಿನದ್ದು ಕೆಳಗೆ ಎಳೆಯುತ್ತದೆ, ಅಷ್ಟೇ. ಆದರೂ ನೋಡಲು ಮಜಾ.

ಐದನೇ ತಿಂಗಳು, ಸಿಂಕ್‌ವರೆಗೆ ಹೋಗಿ ಬಂದದ್ದು

ಬೆಲ್ಜಿಯಂನ ಬ್ರಸೆಲ್ಸ್ ಕಡೆಯ ಗೂಜ್ ಎಂಬ ಹುಳಿ ಬಿಯರ್. ಇಲ್ಲಿ ಯೀಸ್ಟನ್ನು ಯಾರೂ ಹಾಕುವುದಿಲ್ಲ. ಕುದಿಸಿದ ಮಾಲ್ಟ್ ನೀರನ್ನು ಅಗಲವಾದ, ಆಳವಿಲ್ಲದ ತೊಟ್ಟಿಗೆ ಬಿಟ್ಟು ರಾತ್ರಿಯಿಡೀ ಗಾಳಿಗೆ ಒಡ್ಡುತ್ತಾರೆ. ಗಾಳಿಯಲ್ಲಿ, ಮರದ ಪೀಪಾಯಿಯಲ್ಲಿ ಇರುವ ಸೂಕ್ಷ್ಮಜೀವಿಗಳೇ ಬಂದು ಕೆಲಸ ಶುರು ಮಾಡುತ್ತವೆ. ಬೇಸಿಗೆಯಲ್ಲಿ ಬೇಡದವೂ ಬರುತ್ತವೆ, ಅದಕ್ಕೆ ಇದು ಚಳಿಯ ತಿಂಗಳುಗಳ ಕೆಲಸ. ಹೀಗೆ ಬಂದದ್ದು ಲ್ಯಾಂಬಿಕ್. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ಹಾಕಿದರೆ ಗೂಜ್. ಎಳೆಯದರಲ್ಲಿ ಉಳಿದ ಸಕ್ಕರೆ ಬಾಟಲಿಯಲ್ಲೇ ಹುದುಗಿ ನೊರೆ ಕೊಡುತ್ತದೆ.

ಓದಲು ಚೆಂದ. ಕುಡಿದಾಗ ನಾನು ಬರೆದಿದ್ದು: "ಕೆಟ್ಟಿದೆ. ಹುಳಿ, ಒಗರು, ಹಳೇ ಕುದುರೆ ಲಾಯ." ಉಳಿದದ್ದನ್ನು ಸಿಂಕಿಗೆ ಸುರಿಯಲು ಎದ್ದಿದ್ದೆ. ಗೆಳೆಯ ಗ್ಲಾಸ್ ಕಿತ್ತುಕೊಂಡು ಕುಡಿದ. ಅವನು ಕೊಟ್ಟದ್ದು 8, ನಾನು 3. ಎರಡನೇ ಬಾಟಲಿ ಹೊತ್ತಿಗೆ ನಾನು ಬಿಯರ್ ಎಂದು ಕಾಯುವುದನ್ನು ಬಿಟ್ಟಿದ್ದೆ. ಹುಳಿ ಹಣ್ಣಿನ ರಸ ಎಂದುಕೊಂಡು ಕುಡಿದೆ. ಆಗ ನಿಂಬೆಯ ಸಿಪ್ಪೆ ಬಂತು, ಹಸಿರು ಸೇಬು ಬಂತು, ಮರದ ವಾಸನೆ ಬಂತು. ಆ ಕುದುರೆ ಲಾಯವೂ ಇತ್ತು, ಆದರೆ ದೂರದಲ್ಲಿ. ಅದು ಬ್ರೆಟನೊಮೈಸಿಸ್ ಎಂಬ ಯೀಸ್ಟಿನ ಕೈಚಳಕ. 1904ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಕ್ಲಾಸನ್ ಇದನ್ನು ಇಂಗ್ಲೆಂಡಿನ ಬಿಯರಿನಲ್ಲಿ ಗುರುತಿಸಿದ. ಹೆಸರಿನ ಅರ್ಥವೇ ಬ್ರಿಟಿಷ್ ಶಿಲೀಂಧ್ರ. ಹೆಸರು ಅವರದ್ದು, ಕೀರ್ತಿ ಬೆಲ್ಜಿಯಂನದ್ದು. ಎಂಟು ಕೊಟ್ಟೆ. ಗೆಳೆಯ ಏನೂ ಹೇಳಲಿಲ್ಲ, ಸುಮ್ನೆ ನಕ್ಕ.

ಆರು, ಏಳು: ಇಳಿದವು, ಏರಿದವು

ನಿಯಮ ಎರಡೂ ಕಡೆ ಕೊಯ್ಯುತ್ತದೆ. ಜರ್ಮನಿಯ ಬಾಂಬರ್ಗ್‌ನ ಷ್ಲೆಂಕರ್ಲಾ ಹೊಗೆ ಬಿಯರಿಗೆ ಮೊದಲ ಸಲ 9 ಕೊಟ್ಟು ಕುಣಿದಾಡಿದ್ದೆ. ಮಾಲ್ಟನ್ನು ಬೀಚ್ ಮರದ ಬೆಂಕಿಯಲ್ಲಿ ಒಣಗಿಸುವುದರಿಂದ ಗ್ಲಾಸಿನ ತುಂಬ ಹೊಗೆ. ಆರು ವಾರ ಬಿಟ್ಟು ಕುಡಿದರೆ ಹೊಸತನ ಹೋಗಿತ್ತು, ಹೊಗೆ ಮಾತ್ರ ಉಳಿದಿತ್ತು. 5. ಮೂರನೇ ಗ್ಲಾಸಿಗೆ ರುಚಿ ಹತ್ತುತ್ತದೆ ಎನ್ನುವವರಿದ್ದಾರೆ. ನಮ್ಮದು ಅರ್ಧ ಗ್ಲಾಸಿನ ಸಂಸಾರ, ಏನು ಮಾಡುವುದು.

ಐಪಿಎ, ಅಂದರೆ ಹಾಪ್ಸ್ ಜಾಸ್ತಿ ಹಾಕುವ ಇಂಡಿಯಾ ಪೇಲ್ ಏಲ್, ಒಂದು ಹಳೆಯ ಬಾಟಲಿ ಸಿಕ್ಕಿತ್ತು. ಒದ್ದೆ ರಟ್ಟಿನ ರುಚಿ. ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಭಾರತಕ್ಕೆ ಬರುತ್ತಿದ್ದ ಬಿಯರಿನ ಹೆಸರು ಹೊತ್ತದ್ದು ಕಪಾಟಿನಲ್ಲಿ ಕೆಡುತ್ತದಾ ಎಂದು ನಗು ಬಂತು. ಹಾಪ್ಸ್ ಬಿಯರ್ ಹುಳಿಯಾಗದಂತೆ ತಡೆಯುತ್ತದೆ, ನಿಜ. ಆದರೆ ತನ್ನ ಘಮವನ್ನೇ ಕಾಯ್ದುಕೊಳ್ಳಲು ಅದಕ್ಕೆ ಆಗುವುದಿಲ್ಲ. ಇಂದಿನ ಐಪಿಎ ನಿಂತಿರುವುದೇ ಆ ಘಮದ ಮೇಲೆ. ಅಲ್ಲಿಂದ ಹಾಪ್ಸ್ ಜಾಸ್ತಿ ಇರುವ ಬಿಯರಿನ ತಾರೀಖು ನೋಡದೆ ಮುಟ್ಟುವುದಿಲ್ಲ. ತಾಜಾ ಸಿಯೆರಾ ನೆವಾಡಾ ಪೇಲ್ ಏಲ್ ಎರಡೂ ಸಲ 8 ತೆಗೆದುಕೊಂಡು ನೇರ ಪಟ್ಟಿಗೆ ಹೋಯಿತು. 1980ರಲ್ಲಿ ಕ್ಯಾಲಿಫೋರ್ನಿಯಾದ ಚೀಕೋದಲ್ಲಿ ಕ್ಯಾಸ್ಕೇಡ್ ಎಂಬ ತಳಿಯ ಹಾಪ್ಸ್ ಹಾಕಿ ಮಾಡಿದ ಬಿಯರ್. ಅದರ ಚಕೋತ ಸಿಪ್ಪೆಯ ಘಮ ಈಗ ಎಲ್ಲೆಡೆ ಇದೆ, ಆಗ ಹೊಸದು.

ಒಂದೇ ಸಲ ಕುಡಿದು ಸರದಿಯಲ್ಲಿ ಕಾಯುತ್ತಿರುವವು ಒಂಬತ್ತು. ಅದರಲ್ಲಿ ಜರ್ಮನಿಯ ಕಲೋನ್ ಊರಿನ ಕ್ಯೋಲ್ಷ್ ಬಗ್ಗೆ ಆಸೆಯಿದೆ. ಜಪಾನಿನ ಅಸಾಹಿ ಸೂಪರ್ ಡ್ರೈ ಬಗ್ಗೆ ಗೆಳೆಯನಿಗೆ ಆಸೆ, ನನಗೆ ಇಲ್ಲ.

ಎಂಟನೇ ತಿಂಗಳು

ಓರ್ವಾಲ್. ಬೆಲ್ಜಿಯಂನ ಟ್ರಾಪಿಸ್ಟ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠದ ಬಿಯರ್, ಮಠದ ಈಗಿನ ಬ್ರೂವರಿ ಶುರುವಾಗಿದ್ದು 1931ರಲ್ಲಿ. ಲೇಬಲ್ಲಿನಲ್ಲಿ ಬಾಯಲ್ಲಿ ಉಂಗುರ ಕಚ್ಚಿದ ಮೀನು. ಮಟಿಲ್ಡಾ ಎಂಬ ರಾಣಿಯಂಥವಳು ನೀರಿಗೆ ಬೀಳಿಸಿದ ಉಂಗುರವನ್ನು ಮೀನು ತಂದುಕೊಟ್ಟಿತೆಂಬ ಐತಿಹ್ಯ. ಬಾಟಲಿಗೆ ತುಂಬುವಾಗ ಅದೇ ಬ್ರೆಟನೊಮೈಸಿಸ್ ಹಾಕುತ್ತಾರೆ, ಅದು ಒಳಗೆ ನಿಧಾನಕ್ಕೆ ಸಕ್ಕರೆ ತಿನ್ನುತ್ತಲೇ ಇರುತ್ತದೆ. ಬಾಟಲಿ ತುಂಬಿದ ತಾರೀಖೂ ಲೇಬಲ್ಲಿನಲ್ಲಿದೆ.

ಒಂದೇ ತಾರೀಖಿನ ಮೂರು ತಂದಿದ್ದೆ. ಎರಡನೇ ತಿಂಗಳಲ್ಲಿ ತೆರೆದದ್ದು ಹಾಪ್ಸ್ ಘಮ ತುಂಬಿಕೊಂಡು ಗರಿಗರಿಯಾಗಿತ್ತು. ಹೋದ ವಾರ ತೆರೆದದ್ದರಲ್ಲಿ ಸಿಹಿಯೇ ಇಲ್ಲ. ತೊಗಲಿನ ವಾಸನೆ, ಒಣಗಿದ ಕಹಿ, ಎರಡರಷ್ಟು ನೊರೆ. ಎರಡಕ್ಕೂ ಇಬ್ಬರೂ 9 ಕೊಟ್ಟೆವು. ಆದರೆ ಇದನ್ನು ಒಂದೇ ಬಿಯರ್ ಎಂದು ಬರೆಯುವುದಾ? ಅರ್ಧ ಗಂಟೆ ಜಗಳವಾಯಿತು. ಕೊನೆಗೆ ಪಟ್ಟಿಯಲ್ಲಿ ಓರ್ವಾಲ್ ಹೆಸರಿನ ಮುಂದೆ ಎರಡು ಸಾಲು ಬರೆದು, ಕೆಳಗೆ ಒಂದು ಸಾಲು ಖಾಲಿ ಬಿಟ್ಟೆವು.

ಮೂರನೇ ಬಾಟಲಿಯನ್ನು ಹಳೇ ಪೇಪರಿನಲ್ಲಿ ಸುತ್ತಿ, ಕಪಾಟಿನ ಹಿಂದಕ್ಕೆ, ಗೆಳೆಯನ ಕೈಗೆ ಸಿಗದ ಕಡೆ ನಿಲ್ಲಿಸಿದ್ದೇನೆ. ಮೇಲೆ ಮುಂದಿನ ವರ್ಷದ ತಿಂಗಳು ಬರೆದಿದೆ.